ಗೂಗಲ್ ಸ್ಕಾಲರ್ ಪ್ರೊಫೈಲ್: ಉಲ್ಲೇಖದ ಲೆಕ್ಕಕ್ಕೆ ಸಾಕು, ಸಹಯೋಗದ ಲೆಕ್ಕಕ್ಕೆ ಸಾಲದು

ವಿಜ್ಞಾನಿಯೊಬ್ಬರ ಕೆಲಸವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದನ್ನು ಶುಲ್ಕವಿಲ್ಲದೆ ತೋರಿಸುವ ಸೇವೆಗಳಲ್ಲಿ ನಾನು ಹೆಚ್ಚು ಬಳಸುವುದು ಗೂಗಲ್‌ನ ವಿದ್ವತ್ ಹುಡುಕುತಾಣದಲ್ಲಿ ಲೇಖಕರ ಹೆಸರಿನಲ್ಲಿರುವ ಪುಟವನ್ನು, ಅಂದರೆ ಗೂಗಲ್ ಸ್ಕಾಲರ್ ಪ್ರೊಫೈಲನ್ನೇ. ಒಟ್ಟು ಉಲ್ಲೇಖಗಳು, ವರ್ಷವಾರು ನಕ್ಷೆ, ಎಚ್-ಸೂಚ್ಯಂಕ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟ ಈ ಸೂಚ್ಯಂಕ 20 ಎಂದಿದ್ದರೆ, ಆ ಲೇಖಕರ 20 ಪ್ರಬಂಧಗಳು ತಲಾ 20 ಅಥವಾ ಹೆಚ್ಚು ಬಾರಿ ಉಲ್ಲೇಖಗೊಂಡಿವೆ ಎಂದರ್ಥ. ಅವುಗಳಲ್ಲೊಂದು ಸಾವಿರಾರು ಬಾರಿ ಉಲ್ಲೇಖಗೊಂಡರೂ ಅಂಕ ಅಲುಗುವುದಿಲ್ಲ.

ಪ್ರೀಪ್ರಿಂಟ್ (ತಜ್ಞರ ಪರಿಶೀಲನೆಗೆ ಮುನ್ನವೇ ಹೊರಬಂದ ಪ್ರಬಂಧ), ಮಹಾಪ್ರಬಂಧ, ಪುಸ್ತಕಗಳನ್ನೂ ಎಣಿಸುವುದರಿಂದ ಇಲ್ಲಿನ ಸಂಖ್ಯೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ದತ್ತಸಂಚಯಗಳಿಗಿಂತ ಸಾಮಾನ್ಯವಾಗಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಲೇಖಕರು ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬೇರ್ಪಡಿಸಿ ತೋರಿಸುವ ಸೌಲಭ್ಯವಿಲ್ಲ. ಉಲ್ಲೇಖಿಸುವ ರೂಢಿ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆಯಾದ ಕಾರಣ, ಗಣಿತಜ್ಞರನ್ನು ಜೀವವೈದ್ಯಕೀಯ ಸಂಶೋಧಕರೊಡನೆ ಈ ಅಂಕಗಳಿಂದ ಹೋಲಿಸುವುದೂ ಸಲ್ಲದು.

ಸಹಯೋಗದ ವಿಷಯದಲ್ಲಿ ಮಾತ್ರ ಪುಟ ತೀರ ಬಡವಾಗಿದೆ. ಸಹಲೇಖಕರ ಪಟ್ಟಿ ಪ್ರೊಫೈಲಿನ ಒಡೆಯರೇ ಆರಿಸಿ ಸೇರಿಸಿದ್ದು. ಯಾರೊಡನೆ ಎಷ್ಟು ಪ್ರಬಂಧ ಎಂಬ ಲೆಕ್ಕ ಅಲ್ಲಿಲ್ಲ. ಸಾವಿರಾರು ಲೇಖಕರಿರುವ ಕಣಭೌತವಿಜ್ಞಾನದ ಪ್ರಬಂಧಕ್ಕೂ ಒಬ್ಬರೇ ಬರೆದುದಕ್ಕೂ ಇಲ್ಲಿ ಒಂದೇ ತೂಕ. ಸಹಲೇಖಕರ ಜಾಲವನ್ನು ಕೆದಕಬೇಕಾದವರು, ದತ್ತಾಂಶವನ್ನು ಮುಕ್ತವಾಗಿ ಒದಗಿಸುವ ಓಪನ್‌ಅಲೆಕ್ಸ್ ಕಡೆಗೆ ಹೋಗುವುದೇ ಮೇಲು.