ಹಳದಿ ಪುಸ್ತಿಕೆಗಾಗಿ ಎರಡು ಬೆಳಗು: ಬೆಂಗಳೂರಿನ ಒಂದು ಲಸಿಕಾ ಕೇಂದ್ರದ ಅನುಭವ

ಕಂಪಾಲದಲ್ಲಿ ಕೆಲಸಕ್ಕಿರುವ ಮೈದುನನ ಮನೆಗೆ ನಾನು, ನನ್ನ ಪತಿ ಮತ್ತು 66 ವರ್ಷದ ಅತ್ತೆಯವರು ಮೂರು ವಾರಗಳ ಮಟ್ಟಿಗೆ ಹೋಗಿ ಬಂದೆವು. ಉಗಾಂಡಕ್ಕೆ ಕಾಲಿಡುವವರಿಗೆ ಹಳದಿ ಜ್ವರದ, ಅಂದರೆ ಎಲ್ಲರ ಬಾಯಲ್ಲಿರುವ ಯೆಲ್ಲೋ ಫೀವರ್‌ನ, ಲಸಿಕೆ ಕಡ್ಡಾಯ. ಇದು ಬೀದಿ ತಿರುವಿನ ಕ್ಲಿನಿಕ್ಕಿನಲ್ಲಿ ಸಿಗುವಂಥದ್ದಲ್ಲ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಕೆಲವೇ ಕೇಂದ್ರಗಳಲ್ಲಿ ಹಾಕಿಸಿಕೊಂಡರೆ ಮಾತ್ರ ಪ್ರಮಾಣಪತ್ರಕ್ಕೆ ಬೆಲೆ. ನಾವು ಹೋದದ್ದು ನಗರದ ಅಂಥದ್ದೊಂದು ಸರ್ಕಾರಿ ಕೇಂದ್ರಕ್ಕೆ. ಚುಚ್ಚುಮದ್ದಿನ ಕೆಲಸಕ್ಕೆ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ಮಾಹಿತಿ ಕೊಡುವ ವಿಷಯದಲ್ಲಿ ಪಾಸು ಮಾಡುವುದೂ ಕಷ್ಟ.

ಕೇಂದ್ರದಲ್ಲಿ ವಾರಕ್ಕೆ ಎರಡೇ ದಿನ, ಅದೂ ಬೆಳಗಿನ ಹೊತ್ತು ಮಾತ್ರ, ಟೋಕನ್ ಕೊಟ್ಟು ಲಸಿಕೆ ಹಾಕುತ್ತಾರೆ. ಮೊದಲು ನನಗೂ ಇದು ಸರ್ಕಾರಿ ಕಚೇರಿಯ ಮಾಮೂಲು ಉದಾಸೀನವೆಂದೇ ತೋರಿತ್ತು. ಆದರೆ ಒಳಗೆ ಸಿಸ್ಟರ್ ಶೀತಪೆಟ್ಟಿಗೆಯಿಂದ ಪುಟ್ಟ ಶೀಶೆಯೊಂದನ್ನು ತೆಗೆದು, ಅದರ ತಳದಲ್ಲಿದ್ದ ಒಣಪುಡಿಗೆ ದ್ರಾವಣ ಸೇರಿಸಿ, ಕುಲುಕದೆ ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸುತ್ತ ಕಾರಣ ಹೇಳಿದರು. ಒಂದು ಶೀಶೆಯ ಮದ್ದು ಹಲವರಿಗೆ ಸಾಕಾಗುತ್ತದೆ, ಕಲಸಿದ ಮೇಲೆ 6 ಗಂಟೆಯೊಳಗೆ ಬಳಸದಿದ್ದರೆ ಎಸೆಯಬೇಕು. ಹಾಗಾಗಿ ಜನ ಕೂಡಿದ ಮೇಲೆಯೇ ಶೀಶೆ ತೆರೆಯುವುದು. ಆ ಎರಡು ವಾಕ್ಯಗಳನ್ನು ಬಾಗಿಲಲ್ಲಿ ಬರೆದು ಹಾಕಿದ್ದರೆ ಹೊರಗಿನ ಸಾಲಿನಲ್ಲಿ ನಡೆಯುತ್ತಿದ್ದ ಅರ್ಧ ಜಗಳ ನಿಲ್ಲುತ್ತಿತ್ತು. ನಮ್ಮಿಂದ ತಲಾ 300 ರೂಪಾಯಿ ಪಡೆದು ರಸೀದಿ ಕೊಟ್ಟರು.

ಚುಚ್ಚುವ ಮೊದಲು ವೈದ್ಯರು ಮೊಟ್ಟೆಯ ಬಗ್ಗೆ ವಿಚಾರಿಸುತ್ತಾರೆ, ಏಕೆಂದರೆ ಈ ಲಸಿಕೆಯ ವೈರಸ್ಸನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ. "ಮೊಟ್ಟೆ ಒಗ್ಗುತ್ತದೆಯೇ?" ಎಂದು ಕೇಳಿದಾಗ ಅತ್ತೆಯವರು ಸ್ವಲ್ಪ ಖಾರವಾಗಿಯೇ, "ನಾವು ಮುಟ್ಟುವವರೇ ಅಲ್ಲ" ಎಂದರು. ಜನ್ಮದಲ್ಲಿ ಮೊಟ್ಟೆ ತಿನ್ನದವರಿಗೆ ಅದು ಒಗ್ಗುತ್ತದೋ ಇಲ್ಲವೋ ತಿಳಿಯುವುದು ಹೇಗೆ? ವೈದ್ಯರಿಗೆ ಇಂಥವರು ಹೊಸಬರಲ್ಲ, "ಬೇಕರಿ ಕೇಕ್ ತಿಂದಿದ್ದೀರಾ ಅಮ್ಮಾ?" ಎಂದು ಮೆತ್ತಗೆ ಕೇಳಿದರು. ಅತ್ತೆಯವರು ಮಗನ ಮುಖ ನೋಡಿ, ದನಿ ತಗ್ಗಿಸಿ, ಮೊಮ್ಮಕ್ಕಳ ಹುಟ್ಟುಹಬ್ಬದಲ್ಲಿ ಒಂದೆರಡು ಚೂರು ತಿಂದದ್ದುಂಟು ಎಂದು ಒಪ್ಪಿಕೊಂಡರು.

ತೊಡಕು ಶುರುವಾದದ್ದು ಇದರ ನಂತರ. ಈ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್ಸು. ಅಪರೂಪವಾದರೂ ಅದರ ಗಂಭೀರ ಅಡ್ಡಪರಿಣಾಮಗಳು 60 ದಾಟಿದವರಲ್ಲಿ ತುಸು ಹೆಚ್ಚು. ಆದ್ದರಿಂದ ಅವರನ್ನು ನೋಡಿಕೊಳ್ಳುವ ವೈದ್ಯರ ಪತ್ರ ಬೇಕೆಂದರು. ಕೇಳಿದ್ದು ನ್ಯಾಯವೇ. ಆದರೆ ಹಿಂದಿನ ದಿನ ಫೋನ್ ಮಾಡಿ ಅತ್ತೆಯವರ ವಯಸ್ಸನ್ನೂ ಹೇಳಿ ಏನೇನು ತರಬೇಕೆಂದು ಕೇಳಿದ್ದಾಗ, "ಪಾಸ್‌ಪೋರ್ಟ್ ತನ್ನಿ ಸಾಕು" ಎಂಬ ಉತ್ತರ ಬಂದಿತ್ತು. ಅಂದಿಗೆ ಪ್ರಯಾಣಕ್ಕೆ 18 ದಿನ ಉಳಿದಿತ್ತು. ಪತ್ರ ಹಿಡಿದು ಮರಳಿ ಹೋಗಿ ಅತ್ತೆಯವರಿಗೆ ಲಸಿಕೆಯಾದಾಗ ಉಳಿದದ್ದು 11. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆಯಾದ 10 ದಿನಗಳ ಮೇಲೆ; ಇನ್ನೊಂದು ಸುತ್ತು ಅಲೆದಾಟವಾಗಿದ್ದರೆ ಟಿಕೆಟ್ಟನ್ನೇ ಬದಲಿಸಬೇಕಿತ್ತು.

ಹಳದಿ ಪುಸ್ತಿಕೆಯನ್ನು ಕೈಗೆ ಕೊಟ್ಟ ಕೂಡಲೇ ಅಲ್ಲೇ ನಿಂತು ಓದಿಕೊಳ್ಳಬೇಕು. ನನ್ನ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ 1 ಇರುವಲ್ಲಿ ಗುಮಾಸ್ತರು 7 ಬರೆದಿದ್ದರು. ತಿದ್ದಿದ ಅಥವಾ ಅಳಿಸಿದ ಪ್ರಮಾಣಪತ್ರ ಅಸಿಂಧುವಾಗಬಹುದೆಂದು ಆ ಪುಸ್ತಿಕೆಯಲ್ಲೇ ಅಚ್ಚಾಗಿದೆ. ತೋರಿಸಿದಾಗ ಅವರು ಗೊಣಗದೆ ಹೊಸ ಪುಸ್ತಿಕೆ ಬರೆದು, ಬ್ಯಾಚ್ ಸಂಖ್ಯೆ ನಮೂದಿಸಿ ಸೀಲು ಒತ್ತಿಕೊಟ್ಟರು. ಅದಕ್ಕೆ ಧನ್ಯವಾದ ಹೇಳಲೇಬೇಕು. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಹತ್ತು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ.

ಈ ಕೇಂದ್ರದ ಮೇಲೆ ನನಗಿರುವ ದೊಡ್ಡ ದೂರು ಮಲೇರಿಯಾದ್ದು. ಉಗಾಂಡಕ್ಕೆ ಹೊರಟವರೆಂದು ರಿಜಿಸ್ಟರಿನಲ್ಲಿ ಬರೆದುಕೊಂಡವರು ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಹಳದಿ ಜ್ವರಕ್ಕಿಂತ ಅಲ್ಲಿ ನಿತ್ಯದ ಭಯ ಮಲೇರಿಯಾವೇ. ಅದಕ್ಕೆ ಪ್ರವಾಸಿಗರು ನೆಚ್ಚುವುದು ಮಾತ್ರೆಗಳನ್ನು. ನಾವು ಬೇರೆ ವೈದ್ಯರ ಬಳಿ ಹೋಗಿ ಅಟೊವಕ್ವೋನ್-ಪ್ರೊಗ್ವಾನಿಲ್ ಬರೆಸಿಕೊಂಡೆವು. ಹೊರಡುವ ಒಂದೆರಡು ದಿನ ಮೊದಲು ಶುರು ಮಾಡಿ, ಅಲ್ಲಿರುವಷ್ಟು ದಿನವೂ ನುಂಗಿ, ಬಂದ ಮೇಲೆ 7 ದಿನ ಮುಂದುವರಿಸಬೇಕು. ಅಗ್ಗದ ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ 4 ವಾರ.

ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುವ ಬೆಂಚು ಮಾತ್ರ ಕೌಂಟರಿಗಿಂತ ಉಪಯುಕ್ತವಾಗಿತ್ತು. ಆಫ್ರಿಕದಲ್ಲಿ ಬೋರ್‌ವೆಲ್ ಲಾರಿಯ ಮೇಲೆ ಕೆಲಸ ಮಾಡಿ ಬಂದಿದ್ದ, ಕಳೆದುಹೋದ ಪುಸ್ತಿಕೆಯ ಸಲುವಾಗಿ ಬಂದು ಕುಳಿತಿದ್ದ ಒಬ್ಬರು ನಾವು ಕೇಳದೆಯೇ ಎಲ್ಲವನ್ನೂ ಹೇಳಿದರು. ಕಂಪಾಲ ಬೆಂಗಳೂರಿಗಿಂತಲೂ ಎತ್ತರದಲ್ಲಿದೆ, ಸಂಜೆಗೆ ಸ್ವೆಟರ್ ಇರಲಿ. ಮರ್ಚಿಸನ್ ಫಾಲ್ಸ್ ಕಡೆ ಹೋದರೆ ನೀಲಿ, ಕಪ್ಪು ಬಟ್ಟೆ ಬೇಡ, ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಮುತ್ತುತ್ತದೆ. ಪ್ಲಗ್ಗಿಗೆ ಚೌಕ ಕಾಲುಗಳ ಬ್ರಿಟಿಷ್ ಅಡಾಪ್ಟರ್ ಬೇಕು. ಹಳೆಯ ಡಾಲರ್ ನೋಟನ್ನು ಅಲ್ಲಿ ಮುಟ್ಟುವುದಿಲ್ಲ, ಹೊಸದಾಗಿ, ಮಡಿಕೆಯಿಲ್ಲದ್ದನ್ನೇ ಒಯ್ಯಿರಿ. ಅತ್ತೆಯವರು ಊಟದ ಬಗ್ಗೆ ಕೇಳಿದಾಗ, "ಬಾಳೆಕಾಯಿ ಬೇಯಿಸಿ ಹಿಸುಕಿ ಕೊಡ್ತಾರಮ್ಮ, ಉಪ್ಪಿನಕಾಯಿ ನೀವೇ ಇಟ್ಕೊಳ್ಳಿ" ಎಂದರು. ಮಾವಿನಕಾಯಿ ಉಪ್ಪಿನಕಾಯಿಯ ಎರಡು ಡಬ್ಬಿ ಪ್ರಯಾಣದ ಪಟ್ಟಿಗೆ ಸೇರಿದ್ದು ಆ ಬೆಂಚಿನ ಮೇಲೆ.

ಎಂಟೆಬೆಯಲ್ಲಿ ವೀಸಾ ಕೌಂಟರಿಗೂ ಮೊದಲೇ ಪುಸ್ತಿಕೆ ಕೇಳಿದರು. ಮರಳಿ ಬಂದಾಗ ಬೆಂಗಳೂರಿನಲ್ಲಿ ತಪಾಸಣೆ ಇನ್ನೂ ಬಿಗಿ. ಹಳದಿ ಜ್ವರ ಹರಡುವುದು ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ, ಆ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಆದ್ದರಿಂದ ಊರ್ಜಿತ ಪುಸ್ತಿಕೆ ಇಲ್ಲದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ. ಅಧಿಕಾರಿ ನಮ್ಮಿಬ್ಬರ ಪುಸ್ತಿಕೆಗಳನ್ನು ಒಮ್ಮೆ ಕಣ್ಣಾಡಿಸಿ ಹಿಂದಿರುಗಿಸಿದರು. ಅತ್ತೆಯವರದನ್ನು ಹಿಡಿದು ಲಸಿಕೆಯ ದಿನದಿಂದ ಹೊರಟ ದಿನದವರೆಗೆ ಬೆರಳು ಮಡಿಸಿ ಎಣಿಸಿದರು; ಹನ್ನೊಂದಕ್ಕೆ ಬಂದು ನಿಂತು, "ಹೋಗಿ ಅಮ್ಮಾ" ಎಂದರು.