ಕನ್ನಡದ ದತ್ತಾಂಶಕ್ಕೆ ಈಮ್ಯಾಕ್ಸ್ ಮತ್ತು ಆರ್: ಇಎಸ್‌ಎಸ್ ಬಳಕೆಯ ವಿಮರ್ಶೆ

ಸಂಖ್ಯಾಶಾಸ್ತ್ರದ ಕೆಲಸಕ್ಕೆ ಯಾವ ಎಡಿಟರ್ ಒಳ್ಳೆಯದು ಎಂದು ವಿಚಾರಿಸುವವರು ಸಾಮಾನ್ಯವಾಗಿ ಕೋಡ್ ಬರೆಯುವ ಕಿಟಕಿಯನ್ನಷ್ಟೇ ಗಮನದಲ್ಲಿಟ್ಟುಕೊಂಡಿರುತ್ತಾರೆ. ಬಣ್ಣಗಳು ಹೇಗಿವೆ, ಆವರಣಚಿಹ್ನೆ ತಾನಾಗಿ ಮುಚ್ಚಿಕೊಳ್ಳುತ್ತದೆಯೇ, ಅರ್ಧ ಬರೆದ ಫಂಕ್ಷನ್ನಿನ ಹೆಸರು ಪೂರ್ತಿಯಾಗುತ್ತದೆಯೇ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚಿಕ್ಕಮಗಳೂರಿನಂಥ ಊರಿನಲ್ಲಿ, ತಾಲ್ಲೂಕು, ಹೋಬಳಿ, ತೋಟಗಳ ಹೆಸರೆಲ್ಲ ಕನ್ನಡದಲ್ಲಿಯೇ ಇರುವ ಕಡತಗಳೊಂದಿಗೆ ಕೆಲಸ ಮಾಡುವವರಿಗೆ ಅದಕ್ಕಿಂತ ಮುಖ್ಯವಾದದ್ದು ಉತ್ತರ ಬಂದು ಬೀಳುವ ಕಿಟಕಿ. ಅಲ್ಲಿ ‘ಶೃಂಗೇರಿ’ ಎಂಬುದು ಶೃಂಗೇರಿಯಾಗಿಯೇ ಕಾಣಬೇಕು, ‘ಅಜ್ಜಂಪುರ’ದ ಒತ್ತಕ್ಷರ ಕಳಚಿ ಬೀಳಬಾರದು. ಈ ಒಂದು ಅಳತೆಗೋಲನ್ನು ಹಿಡಿದು ನೋಡಿದಾಗ ನನಗೆ ಉಳಿದೆಲ್ಲವುಗಳಿಗಿಂತ ಹೆಚ್ಚು ಒಪ್ಪಿಗೆಯಾದದ್ದು ಈಮ್ಯಾಕ್ಸ್ ಎಡಿಟರ್ ಮತ್ತು ಅದರೊಳಗೆ ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನಡೆಸುವ ಇಎಸ್‌ಎಸ್ ಎಂಬ ಪ್ಯಾಕೇಜು. ಅದನ್ನು ಅಣಿಗೊಳಿಸುವ ಹಾದಿ ಮಾತ್ರ ಸುಗಮವಲ್ಲ.

ಕೆಲಸ ಯಾವ ಬಗೆಯದು ಎಂಬುದನ್ನು ಮೊದಲು ಹೇಳಬೇಕು. ಕಾಫಿ ತೋಟಗಳಲ್ಲಿ ಮಳೆಮಾಪಕದ ಲೆಕ್ಕವನ್ನು ದಿನವೂ ಪುಸ್ತಕದಲ್ಲಿ ಬರೆದಿಡುವ ರೂಢಿ ಹಳೆಯದು, ಮತ್ತು ಆ ಲೆಕ್ಕ ಇಂದಿಗೂ ಬಹುಪಾಲು ಇಂಚು ಮತ್ತು ಸೆಂಟುಗಳಲ್ಲಿಯೇ ಇರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಬೇಸಿಗೆಯಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಯಾವ ವಾರ ಬಂತು, ಅದಾದ ಮೇಲೆ ಬೇಕಾದ ಎರಡನೆಯ ಮಳೆ ಎಷ್ಟು ದಿನದ ಅಂತರದಲ್ಲಿ ಬಿತ್ತು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ, ಇಂಥ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕುವಾರು ಹೋಲಿಸುವುದು ಪ್ರಯೋಜನಕರ. ಒಂದೇ ಜಿಲ್ಲೆಯಲ್ಲಿ ಮಳೆ ಸುರಿಯುವ ಶೃಂಗೇರಿ, ಕೊಪ್ಪ, ಮೂಡಿಗೆರೆಗಳೂ ಇವೆ, ಮೋಡ ನೋಡುತ್ತ ಕೂರುವ ಕಡೂರೂ ಇದೆ. ಸರಾಸರಿಯೊಂದನ್ನೇ ಹಿಡಿದು ಮಾತನಾಡಿದರೆ ಎರಡೂ ಕಡೆಯವರು ನಗುತ್ತಾರೆ.

ಗ್ನೂ ಈಮ್ಯಾಕ್ಸ್ 1985ರಿಂದ ಬಳಕೆಯಲ್ಲಿರುವ ಸ್ವತಂತ್ರ ತಂತ್ರಾಂಶ. ಆರ್ ಭಾಷೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರ ಕೈಯಲ್ಲಿ ಹುಟ್ಟಿ, 2000ದ ಫೆಬ್ರವರಿ 29ರಂದು ತನ್ನ 1.0.0 ಆವೃತ್ತಿಯನ್ನು ಕಂಡಿತು. ಈ ಎರಡರ ನಡುವಿನ ಸೇತುವೆಯೇ ‘ಈಮ್ಯಾಕ್ಸ್ ಸ್ಪೀಕ್ಸ್ ಸ್ಟ್ಯಾಟಿಸ್ಟಿಕ್ಸ್’, ಅಂದರೆ ಇಎಸ್‌ಎಸ್. ಆರ್ ಅಲ್ಲದೆ ಸ್ಯಾಸ್, ಸ್ಟೇಟಾ, ಜೂಲಿಯಾಗಳನ್ನೂ ಇದು ಬಲ್ಲುದಾದರೂ ನನ್ನ ಅನುಭವ ಆರ್‌ಗೆ ಸೀಮಿತ. ಈಮ್ಯಾಕ್ಸ್, ಆರ್, ಇಎಸ್‌ಎಸ್ ಮೂರಕ್ಕೂ ಬಿಡಿಗಾಸು ಕೊಡಬೇಕಾಗಿಲ್ಲ.

ಲಿನಕ್ಸಿನ ಉಬುಂಟು ಅಥವಾ ಡೆಬಿಯನ್ ಬಳಸುವವರಿಗೆ ಸ್ಥಾಪನೆ ಸುಲಭ: ಆರ್, ಈಮ್ಯಾಕ್ಸ್, ಇಎಸ್‌ಎಸ್ ಮೂರೂ ವ್ಯವಸ್ಥೆಯದೇ ತಂತ್ರಾಂಶ ಭಂಡಾರದಲ್ಲಿ ಸಿದ್ಧವಾಗಿವೆ. ವಿಂಡೋಸಿನಲ್ಲಿ ಆರ್ ಮತ್ತು ಈಮ್ಯಾಕ್ಸನ್ನು ಬೇರೆಬೇರೆಯಾಗಿ ಇಳಿಸಿಕೊಂಡು, ಆಮೇಲೆ ಈಮ್ಯಾಕ್ಸಿನ ಒಳಗಿನಿಂದಲೇ ಇಎಸ್‌ಎಸ್ ತರಿಸಿಕೊಳ್ಳಬೇಕು. ಆರ್ ಪ್ರೋಗ್ರಾಂ ಎಲ್ಲಿದೆ ಎಂಬುದನ್ನು ಇಎಸ್‌ಎಸ್ ಸಾಮಾನ್ಯವಾಗಿ ತಾನೇ ಹುಡುಕಿಕೊಳ್ಳುತ್ತದೆ. ರೂಢಿಯ ಜಾಗ ಬಿಟ್ಟು ಬೇರೆ ಡ್ರೈವಿನಲ್ಲಿ ಹಾಕಿದ್ದರೆ ಸೆಟ್ಟಿಂಗ್ಸ್ ಕಡತದಲ್ಲಿ ಅದರ ದಾರಿಯನ್ನು ಬರೆದುಕೊಡಬೇಕಾಗುತ್ತದೆ. ಅದೇ ಕಡತದಲ್ಲಿ ಭಾಷಾ ಪರಿಸರವನ್ನು ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಬರೆದಿಡಬಲ್ಲ ಸಂಕೇತಪದ್ಧತಿ) ಎಂದು ನಮೂದಿಸುವ ಸಾಲೊಂದನ್ನು ವಿಂಡೋಸಿನವರು ಮರೆಯದೆ ಸೇರಿಸಬೇಕು, ಇಲ್ಲದಿದ್ದರೆ ಕಡತದಲ್ಲಿ ಸರಿಯಾಗಿ ಕಂಡ ಕನ್ನಡ ಆರ್‌ಗೆ ಹೋಗಿ ಬರುವಷ್ಟರಲ್ಲಿ ಕೆಟ್ಟಿರುತ್ತದೆ.

ಕೆಲಸ ಮಾಡುವ ಕ್ರಮ ಹೀಗಿದೆ. ಮೇಲಿನ ಅರ್ಧದಲ್ಲಿ ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಬರೆದಿಡುವ ಕಡತ, ಕೆಳಗಿನ ಅರ್ಧದಲ್ಲಿ ಓಡುತ್ತಿರುವ ಆರ್. ಕಂಟ್ರೋಲ್ ಮತ್ತು ಎಂಟರ್ ಒತ್ತಿದರೆ ಒಂದು ಸಾಲು ಕೆಳಕ್ಕೆ ಹೋಗಿ ನಡೆಯುತ್ತದೆ. ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಕರ್ಸರ್ ಇರುವ ಫಂಕ್ಷನ್ ಅಥವಾ ಪ್ಯಾರಾ ಇಡಿಯಾಗಿ ಹೋಗುತ್ತದೆ. ಫಂಕ್ಷನ್ನೊಂದರ ಸಹಾಯಪುಟ ಬೇಕಾದರೆ ಕಂಟ್ರೋಲ್-ಸಿ, ಕಂಟ್ರೋಲ್-ವಿ. ಈ ನಾಲ್ಕಾರು ಕೀಲಿಗಳು ಕೈಗೆ ಹತ್ತಿದ ಮೇಲೆ ಮೌಸ್ ಮುಟ್ಟುವ ಪ್ರಸಂಗ ವಿರಳ. ಕನ್ನಡ ಬರೆಯುವ ಏರ್ಪಾಡು ಕೂಡ ಈಮ್ಯಾಕ್ಸಿನೊಳಗೇ ಇದೆ. ಕಂಟ್ರೋಲ್ ಜೊತೆಗೆ ಹಿಂದೋರೆ ಗೆರೆಯ (\) ಕೀಲಿ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಇಡೀ ಕಂಪ್ಯೂಟರಿನ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯ ಬೀಳದ ಕಾರಣ ಆದೇಶದ ಕೀಲಿಗಳು ಕನ್ನಡ ಬರೆಯುವಾಗಲೂ ಕೈಕೊಡುವುದಿಲ್ಲ.

ಇನ್ನು ಮುಖ್ಯ ವಿಷಯ. ಈಮ್ಯಾಕ್ಸಿನ 27ನೆಯ ಆವೃತ್ತಿಯಿಂದ, ಅಂದರೆ 2020ರಿಂದ, ಅಕ್ಷರಗಳನ್ನು ಜೋಡಿಸಿ ತೋರಿಸುವ ಹೊಣೆಯನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಹೊತ್ತಿದೆ. ಆದ್ದರಿಂದ ಒತ್ತಕ್ಷರ, ಅರ್ಕಾವೊತ್ತು, ದೀರ್ಘಗಳು ಅಚ್ಚಿನಲ್ಲಿ ಇರುವಂತೆಯೇ ಬರುತ್ತವೆ. ಆದರೆ ಇದು ಇಂದಿನ ಬಹುತೇಕ ಎಡಿಟರ್‌ಗಳ ಬರೆಯುವ ಕಿಟಕಿಗೂ ಅನ್ವಯಿಸುವ ಮಾತು. ವ್ಯತ್ಯಾಸ ಇರುವುದು ಉತ್ತರದ ಕಿಟಕಿಯಲ್ಲಿ. ಇಎಸ್‌ಎಸ್‌ನಲ್ಲಿ ಆರ್ ಓಡುವ ಜಾಗವೂ ಈಮ್ಯಾಕ್ಸಿನದೇ ಒಂದು ಪುಟ, ಹಾಗಾಗಿ ಸ್ಕ್ರಿಪ್ಟಿನಲ್ಲಿ ಕಂಡಂತೆಯೇ ಕೋಷ್ಟಕದಲ್ಲಿಯೂ ಕನ್ನಡ ಕಾಣುತ್ತದೆ. ವಿಎಸ್ ಕೋಡ್‌ನಂಥ ಎಡಿಟರ್‌ಗಳಲ್ಲಿ ಆರ್ ಓಡುವುದು ಟರ್ಮಿನಲ್ಲಿನಲ್ಲಿ, ಮತ್ತು ಟರ್ಮಿನಲ್ ಎಂಬುದು ಚೌಕುಳಿ ಹಾಕಿದ ಲೆಕ್ಕದ ಪುಸ್ತಕದಂತೆ ಒಂದೊಂದು ಮನೆಗೆ ಒಂದೊಂದು ಅಕ್ಷರ ಎಂದು ನಂಬಿ ಕಟ್ಟಿದ್ದು. ‘ಚಿಕ್ಕಮಗಳೂರು’ ಅಲ್ಲಿ ತನ್ನ ಒತ್ತನ್ನು ಪಕ್ಕದ ಮನೆಗೆ ಬಿಟ್ಟುಕೊಟ್ಟು ನಿಲ್ಲುತ್ತದೆ. ಓದಿಕೊಳ್ಳಬಹುದು, ಆದರೆ ಹೆಸರುಗಳ ಪಟ್ಟಿಯಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಅದು ಒದಗುವುದಿಲ್ಲ. ಈಮ್ಯಾಕ್ಸಿನಲ್ಲಿಯೂ ಕಾಲಂಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕನ್ನಡದ ಅಕ್ಷರಗಳ ಅಗಲ ಒಂದೇ ಸಮನಾಗಿಲ್ಲ, ಆದಕಾರಣ ಕೊಪ್ಪದ ಮುಂದಿನ ಅಂಕಿ ಒಂದೆಡೆ, ನರಸಿಂಹರಾಜಪುರದ ಮುಂದಿನದು ಇನ್ನೊಂದೆಡೆ ಇರುತ್ತದೆ.

ಇದು ಕೇವಲ ಕಣ್ಣಿನ ಹಿತದ ಪ್ರಶ್ನೆಯಲ್ಲ ಎಂಬುದಕ್ಕೆ ಕೊಪ್ಪವೇ ಒಳ್ಳೆಯ ಉದಾಹರಣೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಆರ್‌ಗೆ ಮಾತ್ರ ಅವು ಎರಡು ಬೇರೆ ಊರುಗಳು. ಬೇರೆಬೇರೆ ಕೀಲಿಮಣೆಗಳಲ್ಲಿ, ಬೇರೆಬೇರೆ ಪರಿವರ್ತಕಗಳ ಮೂಲಕ ಬಂದ ಕಡತಗಳನ್ನು ಒಟ್ಟುಗೂಡಿಸಿದಾಗ ತಾಲ್ಲೂಕುವಾರು ಕೋಷ್ಟಕದಲ್ಲಿ ಕೊಪ್ಪ ಎರಡು ಸಲ ಬರುವುದು, ಎರಡರ ಮಳೆಯೂ ಅರ್ಧರ್ಧ ಹಂಚಿಹೋಗಿರುವುದು ಇದರಿಂದಲೇ. ಮೂಡಿಗೆರೆಗೆ ಈ ತೊಂದರೆ ಇಲ್ಲ, ಏಕೆಂದರೆ ಅದರಲ್ಲಿ ಹೀಗೆ ಒಡೆಯಬಲ್ಲ ಸ್ವರಚಿಹ್ನೆ ಇಲ್ಲ. ಇಂಥಲ್ಲಿ ಈಮ್ಯಾಕ್ಸಿನ ಒಂದು ಸೌಲಭ್ಯ ಬಹಳ ಉಪಕಾರಿ: ಅನುಮಾನವಿರುವ ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್ ಮತ್ತು ಸಮಚಿಹ್ನೆಯನ್ನು ಒತ್ತಿದರೆ, ಆ ಅಕ್ಷರ ಯಾವ ಯಾವ ಸಂಕೇತಗಳಿಂದ ಕೂಡಿದೆ, ಯಾವ ಫಾಂಟಿನಿಂದ ಬಂದಿದೆ ಎಂಬ ವಿವರವೆಲ್ಲ ಪಕ್ಕದ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಉತ್ತರದ ಕಿಟಕಿಯಲ್ಲಿಯೂ ಇದು ನಡೆಯುತ್ತದೆ. ಕೋಷ್ಟಕದಲ್ಲಿ ಕಂಡ ಎರಡು ಕೊಪ್ಪಗಳನ್ನು ಅಲ್ಲಿಯೇ ಪರೀಕ್ಷಿಸಬಹುದು. ಕಾರಣ ಗೊತ್ತಾದ ಮೇಲೆ ಆರ್‌ನ ಸ್ಟ್ರಿಂಗಿ ಪ್ಯಾಕೇಜಿನಲ್ಲಿರುವ ಎನ್‌ಎಫ್‌ಸಿ ಪರಿವರ್ತನೆಯ (ಒಡೆದ ಸಂಕೇತಗಳನ್ನು ಒಂದೇ ಸಂಕೇತವಾಗಿ ಕೂಡಿಸುವ) ಫಂಕ್ಷನ್ನನ್ನು ಕಡತ ಓದಿದೊಡನೆ ಹೆಸರಿನ ಕಾಲಂಗೆ ಅನ್ವಯಿಸಿದರೆ ಸಾಕು.

ಎಡಿಟರ್ ಎಷ್ಟೇ ಒಳ್ಳೆಯದಿದ್ದರೂ ಅದರ ಕೈಮೀರಿದ ತೊಡಕುಗಳೂ ಇವೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಪಟ್ಟಿಗಳು ಯೂನಿಕೋಡ್ ಅಲ್ಲ. ಅವನ್ನು ಮೊದಲು ಪರಿವರ್ತಿಸಿಕೊಳ್ಳದೆ ಯಾವ ಎಡಿಟರಿನಲ್ಲಿ ತೆರೆದರೂ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ. ಎಕ್ಸೆಲ್‌ನಿಂದ ಬರುವ ಕಡತವನ್ನು ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲಿಯೇ ಉಳಿಸಬೇಕು, ಬರೀ ‘ಸಿಎಸ್‌ವಿ’ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ವಿಂಡೋಸಿನಲ್ಲಿ ಆರ್ 4.2ಕ್ಕಿಂತ ಹಳೆಯದಾಗಿದ್ದರೆ ಇಎಸ್‌ಎಸ್ ಹೂಡುವ ಶ್ರಮವೇ ವ್ಯರ್ಥ. 2022ರಲ್ಲಿ ಬಂದ ಆ ಆವೃತ್ತಿಯಿಂದ ಈಚೆಗಷ್ಟೇ ವಿಂಡೋಸಿನ ಆರ್ ಯುಟಿಎಫ್-8 ಅನ್ನು ತನ್ನ ಸ್ವಂತ ಸಂಕೇತಪದ್ಧತಿಯಾಗಿ ಬಳಸುತ್ತಿದೆ, ಅದೂ ವಿಂಡೋಸ್ 10ರ ಸಾಕಷ್ಟು ಹೊಸ ಆವೃತ್ತಿಯ ಮೇಲೆ. ಅದಕ್ಕೆ ಮೊದಲು ಅನೇಕ ಕಡೆ ಕನ್ನಡದ ಒಂದೊಂದು ಅಕ್ಷರಕ್ಕೂ ಯೂನಿಕೋಡಿನ ಅಂಕಿಗಳನ್ನೇ ಅದು ಮುದ್ರಿಸುತ್ತಿತ್ತು. ಕಾಲೇಜು ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಆರ್ ಹೊಸದಾಗದೆ ಉಳಿದಿರುವುದುಂಟು. ಅಲ್ಲಿ ಮೊದಲು ನೋಡಬೇಕಾದದ್ದು ಇದನ್ನು.

ಇಎಸ್‌ಎಸ್‌ನ ದೋಷಗಳಿಗೆ ಬರುವುದಾದರೆ, ಮೊದಲನೆಯದು ಅದರ ತವರಿನದು. ಕಂಟ್ರೋಲ್-ಸಿ ಎಂದರೆ ನಕಲು, ಕಂಟ್ರೋಲ್-ವಿ ಎಂದರೆ ಅಂಟಿಸು ಎಂದು ಕಲಿತ ಬೆರಳುಗಳಿಗೆ ಈಮ್ಯಾಕ್ಸಿನಲ್ಲಿ ಆರಂಭದ ದಿನಗಳು ಕಷ್ಟದವು. ರೂಢಿಯ ಕೀಲಿಗಳನ್ನು ತಂದುಕೊಡುವ ಸಿಯುಎ ಎಂಬ ವ್ಯವಸ್ಥೆಯಿದ್ದರೂ ಅದು ಇಎಸ್‌ಎಸ್‌ನ ಕಂಟ್ರೋಲ್-ಸಿ ಕೀಲಿಗಳೊಂದಿಗೆ ಆಗಾಗ ತಿಕ್ಕಾಡುವುದರಿಂದ ನಾನು ಶಿಫಾರಸು ಮಾಡುವುದಿಲ್ಲ. ಎರಡನೆಯದು ಟಿಪ್ಪಣಿಯ ಸಾಲು. ಒಂದೇ ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಟಿಪ್ಪಣಿಯನ್ನು ಇಎಸ್‌ಎಸ್ ತನ್ನಷ್ಟಕ್ಕೆ 40ನೆಯ ಕಾಲಂವರೆಗೆ ಬಲಕ್ಕೆ ಒಯ್ದು ನಿಲ್ಲಿಸುತ್ತದೆ. ಎರಡು ಹ್ಯಾಶ್ ಹಾಕಿದರೆ ಕೋಡಿನ ಜೊತೆಗೆ, ಮೂರು ಹಾಕಿದರೆ ಎಡ ಅಂಚಿಗೆ. ಹಳೆಯ ಕಾಲದ ಈ ಶಿಸ್ತು ಇಂದಿನ ಯಾರ ಸ್ಕ್ರಿಪ್ಟಿಗೂ ಹೊಂದುವುದಿಲ್ಲವಾದ್ದರಿಂದ ಸ್ಥಾಪಿಸಿದ ದಿನವೇ ಅದನ್ನು ನಿಲ್ಲಿಸಿಬಿಡುವುದು ಲೇಸು. ಮೂರನೆಯದು ನಿಧಾನಗತಿ: ದೊಡ್ಡ ಸ್ಕ್ರಿಪ್ಟನ್ನು ಇಡಿಯಾಗಿ ಕಳಿಸಿದಾಗ ಪ್ರತಿ ಸಾಲನ್ನೂ ತೋರಿಸುತ್ತ, ಉತ್ತರಕ್ಕಾಗಿ ಕಾಯುತ್ತ ಎಡಿಟರೇ ಸ್ತಬ್ಧವಾಗುತ್ತದೆ. ‘ಕಾಯಬೇಡ’ ಎಂಬರ್ಥದ ಸೆಟ್ಟಿಂಗ್ ಒಂದನ್ನು ಹಾಕಿದರೆ ಇದು ಬಹುಮಟ್ಟಿಗೆ ಪರಿಹಾರವಾಗುತ್ತದೆ. ದತ್ತಾಂಶವನ್ನು ಎಕ್ಸೆಲ್ ಹಾಳೆಯಂತೆ ಬಿಡಿಸಿ ನೋಡುವ ಸೌಕರ್ಯ ಇದರಲ್ಲಿ ಹುಟ್ಟಿನಿಂದ ಇಲ್ಲ, ನಕ್ಷೆಗಳು (ಗ್ರಾಫುಗಳು) ಬೇರೆ ಕಿಟಕಿಯಲ್ಲಿ ತೆರೆಯುತ್ತವೆ.

ಹಾಗಾದರೆ, ಆರ್ ಬಳಕೆಗೆಂದೇ ಇರುವ ತಂತ್ರಾಂಶವಾದ ಆರ್‌ಸ್ಟುಡಿಯೋ ಏಕೆ ಬೇಡ ಎಂದು ಕೇಳಬಹುದು. ಬೇಡವೆಂದು ನಾನು ಹೇಳುವುದಿಲ್ಲ. 2011ರಲ್ಲಿ ಬಂದ ಅದು ಸ್ಕ್ರಿಪ್ಟ್, ಉತ್ತರ, ನಕ್ಷೆ, ದತ್ತಾಂಶದ ಹಾಳೆ ನಾಲ್ಕನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟುಕೊಡುತ್ತದೆ, ಬಿ.ಎಸ್ಸಿ. ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿ ಈಮ್ಯಾಕ್ಸ್ ಕೊಡುವುದು ನಿರ್ದಯೆ. ಪೈಥಾನ್ ಮತ್ತು ಆರ್ ಎರಡನ್ನೂ ಬಳಸುವವರಿಗೆ, ಹೆಸರುಗಳನ್ನು ರೋಮನ್ ಲಿಪಿಯಲ್ಲಿಯೇ ಇಟ್ಟುಕೊಂಡವರಿಗೆ ವಿಎಸ್ ಕೋಡ್ ಚೆನ್ನಾಗಿ ಒದಗುತ್ತದೆ. ಆರ್‌ನ ಲ್ಯಾಂಗ್ವೇಜ್‌ಸರ್ವರ್ ಪ್ಯಾಕೇಜನ್ನು ಹಾಕಿಕೊಂಡರೆ ಪದಪೂರಣ, ತಪ್ಪುಗಳ ಸೂಚನೆ ಎಲ್ಲ ಸಿಗುತ್ತವೆ. ವಿಎಸ್ ಕೋಡ್‌ಗೆ ಮೆಮೊರಿ ಹೆಚ್ಚು ಬೇಕು ಎಂಬುದು ಹಳೆಯ ಲ್ಯಾಪ್‌ಟಾಪ್ ಇರುವವರು ಗಮನಿಸಬೇಕಾದ ಸಂಗತಿ. ವರ್ಷಾನುಗಟ್ಟಲೆ ಅದೇ ಬಗೆಯ ಕನ್ನಡ ಕಡತಗಳೊಂದಿಗೆ ಕೂರುವವರಿಗೆ, ಕಲಿಕೆಗೆ ಕೆಲವು ವಾರ ಕೊಡಬಲ್ಲವರಿಗೆ ನನ್ನ ಮತ ಇಎಸ್‌ಎಸ್‌ಗೆ.

ಮಳೆಗಾಲದ ಮಲೆನಾಡಿಗೆ ಹೊಂದುವ ಒಂದು ಗುಣವೂ ಇದರಲ್ಲಿದೆ. ಜೂನ್ ಕಳೆಯಿತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವಂತಿಲ್ಲ. ಈಮ್ಯಾಕ್ಸ್ ಯಾವ ಸೆಟ್ಟಿಂಗ್ ಇಲ್ಲದೆಯೂ ಪ್ರತಿ 300 ಕೀಲಿ ಒತ್ತುಗಳಿಗೊಮ್ಮೆ, ಇಲ್ಲವೇ ಕೈ ನಿಂತು ಸುಮಾರು 30 ಸೆಕೆಂಡಿಗೆ, ಸ್ಕ್ರಿಪ್ಟಿನ ಒಂದು ನಕಲನ್ನು ತೆಗೆದಿಡುತ್ತದೆ. ಮತ್ತೆ ತೆರೆದಾಗ ಅದನ್ನು ಮರಳಿ ಪಡೆಯಬಹುದು. ಆರ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿದ್ದ ಲೆಕ್ಕ ಮಾತ್ರ ಹೋದದ್ದು ಹೋದಂತೆಯೇ. ಆದ್ದರಿಂದ ಕೆಳಗಿನ ಕಿಟಕಿಯಲ್ಲಿ ನೇರವಾಗಿ ಬೆರಳಾಡಿಸದೆ ಎಲ್ಲವನ್ನೂ ಸ್ಕ್ರಿಪ್ಟಿನಲ್ಲಿ ಬರೆದು ಕಳಿಸುವ ಅಭ್ಯಾಸ ಇಲ್ಲಿ ಇನ್ನಷ್ಟು ಅಗತ್ಯ.

ನಕ್ಷೆಗಳ ವಿಷಯದಲ್ಲಿ ಇಎಸ್‌ಎಸ್‌ನ ಪಾತ್ರ ಏನೂ ಇಲ್ಲ, ಆದರೆ ಇದನ್ನು ಹೂಡಿಕೊಂಡವರು ಮುಂದಿನ ಹೆಜ್ಜೆಯಲ್ಲಿ ಎಡವುವುದು ಇಲ್ಲಿಯೇ. ಆರ್‌ನ ಮೂಲ ಪಿಡಿಎಫ್ ಸಾಧನ (ನಕ್ಷೆಯನ್ನು ಪಿಡಿಎಫ್ ಕಡತವಾಗಿ ಉಳಿಸುವ ವ್ಯವಸ್ಥೆ) ಕನ್ನಡವನ್ನು ಬರೆಯಲಾರದು. ಲಿನಕ್ಸಿನಲ್ಲಿ ಕೈರೋ ಪಿಡಿಎಫ್ ಸಾಧನವನ್ನು ಬಳಸಬೇಕು; ಪಿಎನ್‌ಜಿ ಚಿತ್ರ ಸಾಕೆನ್ನುವವರು ರ್ಯಾಗ್ ಪ್ಯಾಕೇಜನ್ನು ಬಳಸಿದರೆ ಒತ್ತಕ್ಷರಗಳು ಎಲ್ಲ ವ್ಯವಸ್ಥೆಗಳಲ್ಲಿಯೂ ಸರಿಯಾಗಿ ಬರುತ್ತವೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಆಗಬಹುದು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಎರಡು ಫಾಂಟುಗಳೂ ಭಂಡಾರದಲ್ಲಿಯೇ ಸಿಗುತ್ತವೆ. ಫಾಂಟಿನ ಹೆಸರನ್ನು ನಕ್ಷೆಯ ಆದೇಶದಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ತಾಲ್ಲೂಕುಗಳ ಹೆಸರು ಇರಬೇಕಾದ ಜಾಗದಲ್ಲಿ ಖಾಲಿ ಡಬ್ಬಿಗಳು ಕೂತಿರಬಹುದು.