ಬೆಣ್ಣೆ ದೋಸೆ, ಮಸಾಲೆ ದೋಸೆ, ನೀರು ದೋಸೆ: ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದಕ್ಕೆ ಹೊರಗೆ ಹೋಗಬೇಕು

ದಾವಣಗೆರೆಯ ಬೆಣ್ಣೆ ದೋಸೆ, ಬೆಂಗಳೂರಿನ ಮಸಾಲೆ ದೋಸೆ, ಕರಾವಳಿಯ ನೀರು ದೋಸೆ. ಮೂರಕ್ಕೂ ಅಕ್ಕಿಯೇ ಮೂಲ, ಆದರೂ ಒಂದರ ಹಿಟ್ಟಿನಲ್ಲಿ ಇನ್ನೊಂದು ಆಗುವುದಿಲ್ಲ. ವರ್ಷವಿಡೀ ಇವನ್ನು ಆಯಾ ಊರಿನಲ್ಲಿ ತಿಂದು, ಮನೆಯ ಗ್ಯಾಸ್ ಒಲೆಯ ಮೇಲೂ ಮಾಡಿ ನೋಡಿದಾಗ ಒಂದು ಮಾತು ಖಚಿತವಾಯಿತು. ಮನೆಯಲ್ಲಿ ದೋಸೆ ಕೆಡುವುದು ಹಿಟ್ಟಿಗಿಂತ ಹೆಚ್ಚಾಗಿ ಕಾವಲಿಯ ಕಾವಿನಿಂದ. ಮೂರು ದೋಸೆಗೂ ಬೇಕಾದ ಕಾವು ಬೇರೆ ಬೇರೆ.

ಹೋಟೆಲಿನ ಕಾವಲಿ ದಪ್ಪನೆಯ ಕಬ್ಬಿಣದ ಹಲಗೆ. ಹತ್ತು ದೋಸೆ ಒಟ್ಟಿಗೆ ಹುಯ್ದರೂ ಅದರ ಕಾವು ಇಳಿಯುವುದು ಕಡಿಮೆ. ಮನೆಯ ತೆಳು ತವಾ ಮೊದಲ ದೋಸೆಗೇ ತಣ್ಣಗಾಗಿ, ಮೂರನೆಯದಕ್ಕೆ ಮಿತಿಮೀರಿ ಕಾಯುತ್ತದೆ. ಕಾವು ತಿಳಿಯಲು ಚಿಟಿಕೆ ನೀರು ಚಿಮುಕಿಸಿ. ಹನಿಗಳು ಮುತ್ತಿನಂತೆ ಉರುಳಾಡಿದರೆ ಕಾವಲಿ ಅತಿಯಾಗಿ ಕಾದಿದೆ. ನಿಂತಲ್ಲೇ ನಿಧಾನಕ್ಕೆ ಕುದಿದರೆ ಇನ್ನೂ ಕಾಯಬೇಕು. ಚುರ್ ಎಂದು ಒಂದೆರಡು ಕ್ಷಣದಲ್ಲಿ ಆರಿದರೆ ಸರಿಯಾದ ಹದ. ಮಸಾಲೆ ದೋಸೆಗೆ ಪ್ರತಿ ಸಲವೂ ನೀರು ಚಿಮುಕಿಸಿ, ಬಟ್ಟೆಯಿಂದ ಒರೆಸಿ, ಕಾವು ಇಳಿಸಿ ಹುಯ್ದು ಆಮೇಲೆ ಉರಿ ಏರಿಸಬೇಕು. ಬೆಣ್ಣೆ ದೋಸೆಗೆ ಮೊದಲಿನಿಂದ ಕೊನೆವರೆಗೂ ಮಧ್ಯಮ ಉರಿ ಸಾಕು. ನೀರು ದೋಸೆಗೆ ಮಾತ್ರ ಕಾವು ಇಳಿಸುವ ಮಾತೇ ಇಲ್ಲ.

ಬೆಣ್ಣೆ ದೋಸೆ

ಇಲ್ಲಿ ಮೊದಲೇ ಒಂದು ಗೊಂದಲ ಬಿಡಿಸಬೇಕು. ಬೆಂಗಳೂರಿನ ಹೋಟೆಲುಗಳಲ್ಲಿ ಸಿಗುವ ‘ಬೆಣ್ಣೆ ಮಸಾಲೆ’ ಎಂದರೆ ಬೆಣ್ಣೆ ಹಾಕಿ ಕೆಂಪಗೆ ಬೇಯಿಸಿದ ಮಸಾಲೆ ದೋಸೆ. ದಾವಣಗೆರೆಯದು ಬೇರೆಯೇ ಜಾತಿ: ಚಿಕ್ಕದು, ದಪ್ಪ, ಮೈತುಂಬ ತೂತು, ಅಂಚು ಗರಿ, ಒಳಗೆ ಮೆತ್ತಗೆ. ಪಕ್ಕದಲ್ಲಿ ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ ಮತ್ತು ತೆಳ್ಳನೆಯ ಕಾಯಿ ಚಟ್ನಿ. ಅದಕ್ಕೆ ಸಾಂಬಾರ್ ಬೇಕೆನಿಸುವುದೇ ಇಲ್ಲ.

ದೋಸೆ ಅಕ್ಕಿ 3 ಲೋಟ, ಉದ್ದಿನ ಬೇಳೆ ಅರ್ಧ ಲೋಟ, ಮೆಂತ್ಯ 1 ಚಮಚ. ಇವನ್ನು 5 ಗಂಟೆ ನೆನೆಸಿ. ರುಬ್ಬುವ ಮೊದಲು 2 ಲೋಟ ಮಂಡಕ್ಕಿಯನ್ನು 10 ನಿಮಿಷ ನೀರಿನಲ್ಲಿಟ್ಟು, ಹಿಂಡಿ ಸೇರಿಸಿ. ಮಂಡಕ್ಕಿ ಆಗಲೇ ಬೆಂದ ಅಕ್ಕಿ, ಹಾಗಾಗಿ ಉದ್ದು ಕಡಿಮೆಯಿದ್ದರೂ ದೋಸೆ ಒಳಗೆ ಮೃದುವಾಗಿ ಉಳಿಯುತ್ತದೆ. ಅವಲಕ್ಕಿ ಹಾಕಿಯೂ ನೋಡಿದ್ದಾಯಿತು, ದೋಸೆ ತುಸು ನಾರುನಾರಾಗುತ್ತದೆ. ಉದ್ದು ಕಡಿಮೆ ಇರುವುದರಿಂದ ಮಿಕ್ಸಿ ಸಾಕು, ಗ್ರೈಂಡರ್ ತೆಗೆಯುವ ಅಗತ್ಯವಿಲ್ಲ. ಹುದುಗಿದ ಹಿಟ್ಟು ಸೌಟಿನಿಂದ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇರಲಿ. ಹುಯ್ಯುವ ಮುನ್ನ ಆ ಹೊತ್ತಿಗೆ ಬೇಕಾದಷ್ಟು ಹಿಟ್ಟಿಗೆ ಮಾತ್ರ ಚಿಟಿಕೆ ಸೋಡಾ ಬೆರೆಸಿ. ಪಾತ್ರೆಗೆಲ್ಲ ಹಾಕಿಟ್ಟರೆ ಕೊನೆಯ ದೋಸೆಗಳಿಗೆ ಅದರ ಶಕ್ತಿ ಉಳಿಯುವುದಿಲ್ಲ.

ಸೋಲುವುದು ಬೆಣ್ಣೆಯಲ್ಲಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿದ್ದರೆ ಅದು ಸಿಡಿದು, ಕಾವಲಿ ತಣಿದು, ದೋಸೆ ಒದ್ದೆಯಾಗುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ ಬಳಸಿ. ಪ್ಯಾಕೆಟ್ಟಿನ ಹಳದಿ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಅದನ್ನೇ ಬಳಸುವುದಾದರೆ ಹಿಟ್ಟಿಗೆ ಉಪ್ಪು ಅರ್ಧ ಸಾಕು. ತುಪ್ಪ ಹಾಕಿದರೆ ಗರಿ ಬರುತ್ತದೆ, ಆದರೆ ಬೆಣ್ಣೆಯ ಪರಿಮಳ ಹೋಯಿತೆಂದೇ ಲೆಕ್ಕ. ಮೇಲೆ ತೂತುಗಳು ಮೂಡಿದ ಮೇಲಷ್ಟೇ ಬೆಣ್ಣೆ ಹಾಕಿ. ಅದು ತೂತಿನೊಳಗೆ ಇಳಿಯಬೇಕು. ಮಗುಚಿ ಇನ್ನೊಂದು ಸಲ ಹಾಕಿ.

ಇಷ್ಟು ಮಾಡಿದರೆ ಮನೆಯ ದೋಸೆ ದಾವಣಗೆರೆಯ ರುಚಿಗೆ ತೀರಾ ಹತ್ತಿರ ಬರುತ್ತದೆ. ಬಾರದಿರುವುದು ಸೌದೆ ಒಲೆಯ ಕಾವು ಮತ್ತು ಅದರ ಹೊಗೆಯ ವಾಸನೆ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ಹೋಗುವುದು ಅದೊಂದಕ್ಕೇ. ಹುಬ್ಬಳ್ಳಿ ಕಡೆ ಹೊರಟವರು ದಾರಿಯಲ್ಲಿ ಇಳಿದು ತಿಂದರೆ ಲಾಭ.

ಮಸಾಲೆ ದೋಸೆ

ಮೂರರಲ್ಲಿ ಮನೆಗೆ ಅತಿ ಕಷ್ಟದ್ದು ಇದು. ದೋಸೆ ಅಕ್ಕಿ 3 ಲೋಟ, ಉದ್ದಿನ ಬೇಳೆ ಮುಕ್ಕಾಲು ಲೋಟ, ಕಡಲೆಬೇಳೆ 2 ದೊಡ್ಡ ಚಮಚ, ತೊಗರಿಬೇಳೆ 1 ದೊಡ್ಡ ಚಮಚ, ಮೆಂತ್ಯ 1 ಚಮಚ, ಅವಲಕ್ಕಿ ಅರ್ಧ ಲೋಟ. ಉದ್ದನ್ನು ಬೇರೆಯಾಗಿ ರುಬ್ಬಿ. ಗ್ರೈಂಡರಿನಲ್ಲಿ 25ರಿಂದ 30 ನಿಮಿಷ, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ. ಒಂದು ಹನಿ ಹಿಟ್ಟು ನೀರಿನ ಬಟ್ಟಲಲ್ಲಿ ತೇಲಿದರೆ ಉದ್ದು ಹದವಾಗಿದೆ. ಮಿಕ್ಸಿ ಇಲ್ಲಿ ಸೋಲುತ್ತದೆ. ಅದರ ಜಾರ್ ಬಿಸಿಯಾಗುತ್ತದೆ, ಹಿಟ್ಟು ಉಬ್ಬುವುದಿಲ್ಲ. ಮಿಕ್ಸಿಯೇ ಗತಿಯಾದರೆ ಐಸ್ ನೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಉದ್ದು ಒಂದು ಹಿಡಿ ಹೆಚ್ಚಿಗೆ ಹಾಕಿ. ಅಕ್ಕಿಯನ್ನು ತೀರಾ ನುಣ್ಣಗೆ ರುಬ್ಬಬಾರದು, ಬೆರಳಿಗೆ ಚಿರೋಟಿ ರವೆಯಷ್ಟು ತರಿ ಸಿಗಬೇಕು. ಗರಿ ಬರುವುದು ಆ ತರಿಯಿಂದ.

ಬಣ್ಣ ಬಾರದಿದ್ದರೆ ಎಲ್ಲರೂ ಎಣ್ಣೆ ಹೆಚ್ಚಿಸುತ್ತಾರೆ. ನಿಜವಾದ ಕಾರಣ ಬಹಳ ಸಲ ಹುಳಿ. ಹಿಟ್ಟು ಅತಿಯಾಗಿ ಹುದುಗಿದರೆ ಅದರ ಸಕ್ಕರೆಯ ಅಂಶ ಖರ್ಚಾಗಿರುತ್ತದೆ, ಜೊತೆಗೆ ಹುಳಿ ಏರಿದಷ್ಟೂ ಕೆಂಪಾಗುವುದು ನಿಧಾನ. ಬೇಸಿಗೆಯಲ್ಲಿ 7ರಿಂದ 8 ಗಂಟೆ ಸಾಕು, ಬೆಂಗಳೂರಿನ ಡಿಸೆಂಬರಿನಲ್ಲಿ 12 ಗಂಟೆಯೂ ಬೇಕಾಗುತ್ತದೆ. ಉಬ್ಬಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಹುಯ್ಯುವ ಒಂದು ಗಂಟೆ ಮೊದಲು ಹೊರಗಿಡಿ. ಹುಯ್ಯುವಾಗ ಒಂದು ಚಮಚ ಸಕ್ಕರೆ ಬೆರೆಸಿದರೆ ಬಣ್ಣ ಬೇಗ ತಿರುಗುತ್ತದೆ.

ಸೌಟನ್ನು ಒತ್ತದೆ ನಡುವಿನಿಂದ ಹೊರಕ್ಕೆ ತಿರುಗಿಸಿ. ಹಿಟ್ಟು ಸೌಟಿನ ಜೊತೆ ಎದ್ದು ಬಂದರೆ ಕಾವು ಜಾಸ್ತಿ. ಮೇಲ್ಮೈ ಒಣಗಿದ ಮೇಲೆ ತುಪ್ಪ, ಆಮೇಲೆ ಉರಿ ಏರಿಸಿ ಅರ್ಧ ನಿಮಿಷ. ಕೆಂಪು ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿ 6, ಬೆಳ್ಳುಳ್ಳಿ 4 ಎಸಳು, ಹುರಿಗಡಲೆ 2 ದೊಡ್ಡ ಚಮಚ, ಸ್ವಲ್ಪ ಹುಣಸೆ, ಉಪ್ಪು. ನೀರು ಮುಟ್ಟಿಸಿದಷ್ಟೇ. ಚಟ್ನಿ ನೀರಾದರೆ ದೋಸೆ ಅಲ್ಲೇ ಹರಿಯುತ್ತದೆ. ಪಲ್ಯವೂ ಒಣಗಿರಬೇಕು, ಅದನ್ನು ತಳ ಕೆಂಪಾದ ಮೇಲೆ ಮಾತ್ರ ಇಡಬೇಕು. ಬಿಸಿ ಪಲ್ಯದ ಹಬೆ ಗರಿಯನ್ನು ಎರಡೇ ನಿಮಿಷದಲ್ಲಿ ಮೆತ್ತಗಾಗಿಸುತ್ತದೆ.

ಇಷ್ಟೆಲ್ಲ ಮಾಡಿದರೂ ತೀರ್ಪು ಹೋಟೆಲಿನ ಪರ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ (1943ರಿಂದ) ಅಥವಾ ಮಲ್ಲೇಶ್ವರದ ಸಿ.ಟಿ.ಆರ್. ದೋಸೆಯ ಆ ಕಡುಕಂದು ಹೊರಮೈ, ಮೆತ್ತನೆಯ ಒಳಮೈ ಎರಡೂ ಒಂದೇ ದೋಸೆಯಲ್ಲಿ ಬರುವುದು ದಪ್ಪ ಕಾವಲಿಯಿಂದ. ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವುದು ಬೇಡವೆಂದರೆ ವಾರದ ದಿನ ಮಧ್ಯಾಹ್ನದ ನಂತರ ಹೋಗಿ. ಪಾರ್ಸೆಲ್ ಮಾತ್ರ ಬೇಡ, ಪೊಟ್ಟಣದೊಳಗಿನ ಹಬೆಯಲ್ಲಿ ದೋಸೆ ತೊಗಲಾಗುತ್ತದೆ.

ನೀರು ದೋಸೆ

ಇದನ್ನು ಮನೆಯಲ್ಲೇ ತಿನ್ನಬೇಕು. ಉದ್ದಿಲ್ಲ, ಹುದುಗಿಸುವುದಿಲ್ಲ. 2 ಲೋಟ ಬೆಳ್ತಿಗೆ ಅಕ್ಕಿಯನ್ನು (ಕುಚ್ಚಲಲ್ಲದ ಬಿಳಿ ಅಕ್ಕಿ) 4 ಗಂಟೆ ನೆನೆಸಿ, ಅರ್ಧ ಲೋಟ ತೆಂಗಿನ ತುರಿಯೊಡನೆ ಮಿಕ್ಸಿಯಲ್ಲಿ ತೀರಾ ನುಣ್ಣಗೆ ರುಬ್ಬಿ, ಉಪ್ಪು ಬೆರೆಸಿ ಹಾಲಿನ ಹದಕ್ಕೆ ತನ್ನಿ. ರುಬ್ಬಿದ್ದೂ ಸೇರಿ ಒಟ್ಟು ನಾಲ್ಕೂವರೆಯಿಂದ ಐದು ಲೋಟ ನೀರು ಹಿಡಿಯುತ್ತದೆ. ಹಳೆಯ ಸೋನಾ ಮಸೂರಿ ಒಳ್ಳೆಯದು, ಹೊಸ ಅಕ್ಕಿಯಾದರೆ ದೋಸೆ ಅಂಟಂಟು. ಮೊದಲ ದೋಸೆ ಹರಿದರೆ ಒಂದು ಚಮಚ ಅಕ್ಕಿ ಹಿಟ್ಟು, ದಪ್ಪ ಬಂದರೆ ಅರ್ಧ ಸೌಟು ನೀರು.

ಅಕ್ಕಿ ತಳಕ್ಕೆ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ಪ್ರತಿ ದೋಸೆಗೂ ಸೌಟಿನಿಂದ ತಳ ಕಲಕಿ. ಚೆನ್ನಾಗಿ ಕಾದ ಕಾವಲಿಯ ಅಂಚಿನಿಂದ ಒಳಕ್ಕೆ ಎರೆಯಿರಿ. ಸೌಟಿನಲ್ಲಿ ಹರಡಬೇಡಿ. ನೀರು ಕೂಡಲೇ ಕುದಿದೇಳುವಾಗ ತೂತು ಬೀಳುತ್ತದೆ. ಕಾವು ಕಡಿಮೆಯಿದ್ದರೆ ತೂತಿಲ್ಲದೆ ಬಿಳಿ ಹಾಳೆಯಂತೆ ಅಂಟಿಕೊಳ್ಳುತ್ತದೆ. ಮುಚ್ಚಳ ಮುಚ್ಚಿ ಒಂದು ನಿಮಿಷ. ಮಗುಚುವುದಿಲ್ಲ, ಮಡಚಿ ತೆಗೆಯುವುದು. ಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಿದರೆ ಅಂಟುತ್ತವೆ. ಗಿರಾಕಿ ಹೆಚ್ಚಿರುವ ಹೋಟೆಲುಗಳಲ್ಲಿ ಮೊದಲೇ ಮಾಡಿ ಪೇರಿಸಿಟ್ಟಿರುತ್ತಾರೆ, ಅಲ್ಲಿಯೇ ಇದರ ಸೊಗಸು ಹೋಗುವುದು. ಕುಂದಾಪುರ, ಮಂಗಳೂರಿನ ಕಡೆ ಹೋದರೆ ಕೋಳಿ ಸಾರಿನ ಜೊತೆ ತಿನ್ನಿ, ಆದರೆ ಕಣ್ಣೆದುರು ಎರೆದು ಕೊಡುವ ಸಣ್ಣ ಹೋಟೆಲನ್ನೇ ಹುಡುಕಿ. ಮನೆಯಲ್ಲಿ ಸಾರಿಲ್ಲದಿದ್ದರೆ ಕಾಯಿ ಬೆಲ್ಲ ಸಾಕು.

ಕಾವಲಿ ಕೊಳ್ಳುವುದಾದರೆ ಬೀಡಿನ (ಎರಕದ ಕಬ್ಬಿಣದ) ಕಾವಲಿಯನ್ನೇ ತನ್ನಿ. ನಾನ್‌ಸ್ಟಿಕ್ಕಿನಲ್ಲಿ ನೀರು ದೋಸೆ ಹೇಗೋ ಆಗುತ್ತದೆ, ಮಸಾಲೆ ದೋಸೆಯ ಹಿಟ್ಟು ಮಾತ್ರ ಹಿಡಿತವಿಲ್ಲದೆ ಜಾರುತ್ತದೆ. ಹೊಸ ಬೀಡಿನ ಕಾವಲಿಗೆ ಮೊದಲ ವಾರ ದಪ್ಪ ಬೆಣ್ಣೆ ದೋಸೆ ಹುಯ್ಯಿರಿ. ಜಿಡ್ಡು ಹೀರಿ ಪಳಗಿದ ಮೇಲೆ ಮಸಾಲೆ ದೋಸೆ, ಎಲ್ಲಕ್ಕೂ ಕೊನೆಗೆ ನೀರು ದೋಸೆ. ಅದರ ಮೇಲೆ ಚಪಾತಿ ಸುಡಬೇಡಿ. ಒಣ ಕಾವಿಗೆ ಜಿಡ್ಡಿನ ಪದರ ಸುಟ್ಟುಹೋಗಿ, ಮರುದಿನ ಮೊದಲ ದೋಸೆಯೇ ಕಾವಲಿ ಹಿಡಿಯುತ್ತದೆ.